ಮಕ್ಕಳ ಜೊತೆ ಕೂತರೂ ಕಣ್ಣು ಗಡಿಯಾರದ ಮೇಲೆ

ಪ್ರಶ್ನೆ: ಅಕ್ಕೋರೇ, ನಾನು ಬ್ಯಾಂಕಿನಲ್ಲಿ ಕೆಲಸ ಮಾಡುತ್ತೇನೆ. ಮಗನಿಗೆ 4 ವರ್ಷ, ಮಗಳಿಗೆ ಎರಡೂವರೆ. ಸಂಜೆ ಆರೂವರೆಗೆ ಮನೆಗೆ ಬಂದರೆ ಕೈಕಾಲು ತೊಳಿ, ಬೇಗ ಉಣ್ಣು, ಸೋಫಾ ಹತ್ತಬೇಡ, ಮಲಗು. ಇಷ್ಟೇ ನನ್ನ ಮಾತು. ಭಾನುವಾರ ನೃಪತುಂಗ ಬೆಟ್ಟಕ್ಕೆ ಕರೆದುಕೊಂಡು ಹೋದರೂ ತಲೆಯಲ್ಲಿ ಒಗೆಯುವ ಬಟ್ಟೆ, ರಾತ್ರಿ ಅಡುಗೆ. ಅವರು ಮಲಗಿದ ಮೇಲೆ ಮುಖ ನೋಡಿ ಅಳು ಬರುತ್ತದೆ. ಮಕ್ಕಳ ಜೊತೆ ಖುಷಿಯಾಗಿ ಇರೋದು ನನಗೆ ಬರೋದೇ ಇಲ್ಲವಾ?
– ಓದುಗರು, ವಿದ್ಯಾನಗರ, ಹುಬ್ಬಳ್ಳಿ

ಉತ್ತರ: ಬರುತ್ತದೆ ತಂಗೀ. ನೀನು ದಣಿದಿದ್ದೀಯ, ಅಷ್ಟೇ.

ನಾನು ಧಾರವಾಡದ ಶಾಲೆಯಲ್ಲಿ ಟೀಚರ್ ಆಗಿದ್ದಾಗಿನ ಮಾತು. ನನ್ನ ಮಗನಿಗೂ ಆಗ ನಾಲ್ಕು. ಅವತ್ತು ಮಣ್ಣೆತ್ತಿನ ಅಮಾವಾಸ್ಯೆ. ನನ್ನ ಮುಂದೆ ತಿದ್ದಬೇಕಾದ ನೋಟ್‌ಬುಕ್ ರಾಶಿ. ಅವನು ಪಡಸಾಲೆ ತುಂಬಾ ಎರೆಮಣ್ಣು ಮೆತ್ತಿದ್ದ. ಜೋರಾಗಿ ಬೈದೆ. ನಮ್ಮತ್ತೆ ನನಗೇನೂ ಅನ್ನಲಿಲ್ಲ. ಸೀರೆ ಮೇಲೆ ಸಿಗಿಸಿಕೊಂಡು ಅವನ ಪಕ್ಕ ಕೂತು, "ಕೋಡು ಎಲ್ಲಿ ಹಚ್ಚೂಣಪಾ?" ಅಂದರು. ಅವನು ತೋರಿಸಿದಲ್ಲೆಲ್ಲ ಹಚ್ಚಿದರು. ಎತ್ತಿಗೆ ಮೂರು ಕೋಡು ಬಂದವು! ಅತ್ತೆ ತಿದ್ದಲಿಲ್ಲ. ಆ ಎತ್ತಿಗೇ ಪೂಜೆ ಆಯಿತು. ನಾನೂ ನೋಟ್‌ಬುಕ್ ಮುಚ್ಚಿಟ್ಟು ಕೂತೆ. ಎತ್ತಿಗೆ ಮೇವು ಹಾಕೋ ಗ್ವಾದಲಿ ಮಾಡೋ ಕೆಲಸವನ್ನು ಮಗ ನನಗೆ ಕೊಟ್ಟ. ಅರ್ಧ ಗಂಟೆ ಇರಬಹುದು. ಅವನು ಒಮ್ಮೆಯೂ ರಚ್ಚೆ ಹಿಡಿಯಲಿಲ್ಲ.

ನೀನೂ ಮನೆಗೆ ಬಂದ ಕೂಡಲೇ ಅಡುಗೆಮನೆಗೆ ಹೋಗಬೇಡ. ಫೋನ್ ಬೇರೆ ಕೋಣೆಯಲ್ಲಿಟ್ಟು ಅರ್ಧ ಗಂಟೆ ನೆಲದ ಮೇಲೆ ಕೂತುಬಿಡು. ಏನು ಆಡಬೇಕು ಅಂತ ಅವರೇ ಹೇಳಲಿ. ಇದು ಯಾವ ಬಣ್ಣ, ಅವು ಎಷ್ಟಿವೆ ಅಂತ ಪಾಠ ಮಾತ್ರ ಶುರು ಮಾಡಬೇಡ. ಟೀಚರ್ ಆಗಿದ್ದ ನನಗೆ ಇದನ್ನು ಬಿಡೋಕೆ ತುಂಬಾ ದಿನ ಹಿಡಿಯಿತು.

ಸೋಫಾ ಹತ್ತಿ ಇಳಿಯಲಿ ಬಿಡು. ಈ ವಯಸ್ಸಿನ ಮಕ್ಕಳು ದಿನಕ್ಕೆ ಒಟ್ಟು 3 ಗಂಟೆಯಾದರೂ ಓಡಾಡಿಕೊಂಡು ಆಡಬೇಕು ಅಂತ ವಿಶ್ವ ಆರೋಗ್ಯ ಸಂಸ್ಥೆಯೇ 2019ರಲ್ಲಿ ಹೇಳಿದೆ.

ಆಮೇಲೆ ರೊಟ್ಟಿ ಬಡಿಯುವಾಗ ಮಗಳನ್ನು ಒಲೆಯಿಂದ ದೂರ ಕೂರಿಸಿ, ಆರಿದ ಜೋಳದ ಹಿಟ್ಟಿನ ಒಂದು ಉಂಡೆ ಕೈಗೆ ಕೊಡು. ಗೋಧಿ ಹಿಟ್ಟಿನ ಹಾಗೆ ಅದು ಎಳೆದರೆ ಬರಲ್ಲ, ಬಿರುಕು ಬಿಡುತ್ತದೆ. ಮತ್ತೆ ಕೂಡಿಸೋದು, ಮತ್ತೆ ಬಡಿಯೋದು. ಅವಳಿಗೆ ಬೇಕಾದಷ್ಟು ಕೆಲಸ.

ಮನೆಯವರ ಬಗ್ಗೆ ನೀನು ಒಂದು ಮಾತೂ ಬರೆದಿಲ್ಲ. ಭಾನುವಾರದ ಬಟ್ಟೆ ಅವರಿಗೆ ಬಿಡು. ಹೇಳೋಕೆ ಸಂಕೋಚ ಬೇಡ. ನೀನು ಮಕ್ಕಳನ್ನು ಕರೆದುಕೊಂಡು ಸುಮ್ನೆ ಹುಬ್ಬಳ್ಳಿ–ಧಾರವಾಡ ನಡುವಿನ ಚಿಗರಿ ಬಸ್ ಹತ್ತು. ಇಬ್ಬರನ್ನೂ ಕಿಟಕಿ ಹತ್ತಿರ ಕೂರಿಸಿಕೋ. ಉಣಕಲ್ ಬಂದಾಗ ಮಗ ಕೆರೆ ನೋಡೋಣ ಅಂದರೆ ಇಳಿ. ಬೇಡ ಅಂದರೆ ಧಾರವಾಡದವರೆಗೂ ಹೋಗಿ ಹಾಗೇ ವಾಪಸ್ ಬಾ.