ಟವರ್ ಸಿಗದ ಮನೆಯಲ್ಲೂ ಸಿಗುವ ಆರಂಕಿ

ಪ್ರಶ್ನೆ: ನಮ್ಮದು ಶಿರಸಿ ತಾಲ್ಲೂಕಿನ ಒಳಹಳ್ಳಿ. ತೊಡದೇವು, ಅಪ್ಪೆಮಿಡಿ ಉಪ್ಪಿನಕಾಯಿ ಮಾಡಿ ಮಾರುತ್ತೇನೆ. ಆರ್ಡರ್ ಬರುವುದೆಲ್ಲ ಜಿಮೇಲ್ ಮತ್ತು ಇನ್‌ಸ್ಟಾಗ್ರಾಂನಲ್ಲಿ. ಮನೆಗೆ ಫೈಬರ್ ಇಂಟರ್ನೆಟ್ ಬಂದಿದೆ, ಆದರೆ ಮೊಬೈಲ್ ಟವರ್ ಸಿಗುವುದಿಲ್ಲ. ಲಾಗಿನ್ ಆಗಲು ಎಸ್ಸೆಮ್ಮೆಸ್ ಒಟಿಪಿ ಬೇಕೆಂದರೆ ಸೊಪ್ಪಿನಬೆಟ್ಟ ಹತ್ತಬೇಕು, ಇಳಿದು ಬರುವಷ್ಟರಲ್ಲಿ ಅದರ ಅವಧಿ ಮುಗಿದಿರುತ್ತದೆ. ಬೆಂಗಳೂರಿನಲ್ಲಿರುವ ಮಗ ಊರಿಗೆ ಬಂದಾಗ ಎರಡಕ್ಕೂ ಅಥೆಂಟಿಕೇಟರ್ (ಲಾಗಿನ್‌ಗೆ ಬೇಕಾದ ಆರಂಕಿಯ ಸಂಖ್ಯೆ ತೋರಿಸುವ ಆ್ಯಪ್) ಹಾಕಿಕೊಟ್ಟ. ಆದರೆ ಸ್ಕ್ಯಾನ್ ಮಾಡಿದ್ದು ತನ್ನ ಫೋನಿನಲ್ಲಿ! ಈಗ ಸಂಖ್ಯೆ ಬೇಕಾದಾಗೆಲ್ಲ ಅವನಿಗೆ ವಾಟ್ಸ್ಯಾಪ್ ಕರೆ ಮಾಡಬೇಕು. ಅವನು ಮೀಟಿಂಗಿನಲ್ಲಿದ್ದರೆ ನನ್ನ ಕೆಲಸ ನಿಂತಿತು. ನನ್ನ ಫೋನಿನಲ್ಲೇ ಬರುವಂತೆ ಮಾಡಬಹುದೇ? ಟವರ್ ಇಲ್ಲದೆ ಅದು ಬರುವುದಾದರೂ ಹೇಗೆ? ಫೋನ್ ಹಳ್ಳಕ್ಕೆ ಬಿದ್ದರೆ ಗತಿ ಏನು?
(ಹೆಸರು ಬೇಡ)

ಉತ್ತರ: ಮಾಡಬಹುದು ಅಕ್ಕಾ. ಅದಕ್ಕೆ ಮಗ ಚೌತಿಗೆ ಬರುವ ತನಕ ಕಾಯಬೇಕಾಗಿಯೂ ಇಲ್ಲ.

ಮೊದಲು ನಿಮ್ಮ ಎರಡನೇ ಪ್ರಶ್ನೆ, ಏಕೆಂದರೆ ಅದು ಗೊತ್ತಾದರೆ ಉಳಿದದ್ದೆಲ್ಲ ತಾನಾಗಿ ಬಿಡಿಸಿಕೊಳ್ಳುತ್ತದೆ. ಆ ಆರಂಕಿ ಎಲ್ಲಿಂದಲೂ ಬರುವುದಿಲ್ಲ. ಫೋನೇ ಅದನ್ನು ಲೆಕ್ಕ ಹಾಕುತ್ತದೆ. ಮಗ ಸ್ಕ್ಯಾನ್ ಮಾಡಿದ ಕಪ್ಪು ಬಿಳುಪು ಚೌಕದೊಳಗೆ ಒಂದು ಉದ್ದನೆಯ ಗುಟ್ಟಿನ ಕೀ ಇತ್ತು. ಅದರ ಒಂದು ಪ್ರತಿ ಗೂಗಲ್ಲಿನ ಬಳಿ ಉಳಿಯಿತು, ಇನ್ನೊಂದು ಅವನ ಫೋನಿಗೆ ಹೋಯಿತು. ಆ ಕೀಯನ್ನೂ ಆ ಹೊತ್ತಿನ ಸಮಯವನ್ನೂ ಸೇರಿಸಿ ಆ್ಯಪ್ 30 ಸೆಕೆಂಡಿಗೊಮ್ಮೆ ಹೊಸ ಸಂಖ್ಯೆ ತೆಗೆಯುತ್ತದೆ. ಗೂಗಲ್ಲೂ ಅತ್ತ ಅದೇ ಲೆಕ್ಕ ಹಾಕಿ ತಾಳೆ ನೋಡುತ್ತದೆ. ಕುಮಟಾದ ನಮ್ಮ ಮನೆಯಲ್ಲೂ ಶಿರಸಿಯ ನಿಮ್ಮ ಮನೆಯಲ್ಲೂ ಬಗ್ಗೋಣ ಪಂಚಾಂಗ ಇದ್ದರೆ ಏಕಾದಶಿ ಯಾವತ್ತು ಎಂದು ಒಬ್ಬರಿಗೊಬ್ಬರು ಫೋನ್ ಮಾಡಿ ಕೇಳಬೇಕಿಲ್ಲವಲ್ಲ, ಹಾಗೆಯೇ ಇದು. ಈ ವಿಧಾನವನ್ನು 2011ರಲ್ಲಿ ಯಾರು ಬೇಕಾದರೂ ಬಳಸಬಹುದಾದ ಮಾನದಂಡವಾಗಿ ಪ್ರಕಟಿಸಿದರು. ಆದ್ದರಿಂದಲೇ ಗೂಗಲ್, ಮೈಕ್ರೋಸಾಫ್ಟ್, ಏಜಿಸ್ ಹೀಗೆ ಯಾರ ಆ್ಯಪ್ ಹಾಕಿಕೊಂಡರೂ ಸಂಖ್ಯೆ ಒಂದೇ ಬರುತ್ತದೆ. ಸಂಖ್ಯೆ ತೆಗೆಯಲು ಸಿಮ್ ಬೇಡ, ಡೇಟಾ ಬೇಡ. ನಿಮ್ಮ ಮನೆಯಂಥ ಮನೆಗಳಿಗೆ ಇದಕ್ಕಿಂತ ಒಳ್ಳೆಯ ವ್ಯವಸ್ಥೆ ನನಗೆ ಗೊತ್ತಿಲ್ಲ. ಘಟ್ಟದ ಮೇಲಿನವರು ನಮ್ಮ ಅಂಗಡಿಗೆ ಬಂದಾಗೆಲ್ಲ ಇದನ್ನೇ ಹೇಳುತ್ತೇನೆ.

ಈಗ ಕೆಲಸ. ನಿಮ್ಮ ಫೋನಿಗೆ ಮನೆಯ ವೈಫೈಯಲ್ಲೇ ಆ್ಯಪ್ ಇಳಿಸಿಕೊಳ್ಳಿ. ಮಗ ಬಿಡುವಾಗಿರುವ ಹೊತ್ತು ನೋಡಿ ಕರೆ ಮಾಡಿ, ಕೊನೆಯದಾಗಿ ಒಮ್ಮೆ ಅವನಿಂದ ಸಂಖ್ಯೆ ಕೇಳಿ, ಲ್ಯಾಪ್‌ಟಾಪಿನಲ್ಲಿ ಗೂಗಲ್ ಖಾತೆ ತೆರೆಯಿರಿ. ಭದ್ರತೆಯ ಪುಟದಲ್ಲಿ ಎರಡು ಹಂತದ ಪರಿಶೀಲನೆಗೆ ಹೋದರೆ ಅಥೆಂಟಿಕೇಟರ್ ಬದಲಿಸುವ ಆಯ್ಕೆ ಇರುತ್ತದೆ. ಅದನ್ನು ಒತ್ತಿದರೆ ಹೊಸ ಚೌಕ ಬರುತ್ತದೆ. ಅಲ್ಲಿ ಸ್ವಲ್ಪ ನಿಲ್ಲಿ. ಚೌಕದ ಕೆಳಗೆ, ಸ್ಕ್ಯಾನ್ ಆಗದವರಿಗೆಂದು ಒಂದು ಕೊಂಡಿ ಇದೆ, ಅದನ್ನು ಒತ್ತಿದರೆ ಗುಟ್ಟಿನ ಕೀ ಅಕ್ಷರಗಳಲ್ಲೇ ಕಾಣುತ್ತದೆ. ಅದನ್ನು ಕಾಗದದ ಮೇಲೆ ಬರೆದುಕೊಳ್ಳಿ. ಈ ಕೀಯಲ್ಲಿ ಇಂಗ್ಲಿಷ್ ಅಕ್ಷರಗಳೂ 2ರಿಂದ 7ರವರೆಗಿನ ಅಂಕಿಗಳೂ ಮಾತ್ರ ಇರುತ್ತವೆ. ಸೊನ್ನೆ, ಒಂದು ಇರುವುದೇ ಇಲ್ಲ. ಹಾಗಾಗಿ ದುಂಡಗೆ ಕಂಡದ್ದು ‘ಓ’ ಅಕ್ಷರ, ನೆಟ್ಟಗೆ ಕಂಡದ್ದು ‘ಐ’ ಅಥವಾ ‘ಎಲ್’ ಎಂದೇ ತಿಳಿಯಿರಿ. ಬರೆದಾದ ಮೇಲೆ ನಿಮ್ಮ ಫೋನಿನಲ್ಲಿ ಸ್ಕ್ಯಾನ್ ಮಾಡಿ, ಬಂದ ಸಂಖ್ಯೆ ಹಾಕಿ ಮುಗಿಸಿ. ಅಲ್ಲಿಗೆ ಮಗನ ಫೋನಿನಲ್ಲಿರುವ ಹಳೆಯ ಸಂಖ್ಯೆ ನಡೆಯುವುದಿಲ್ಲ, ಅವನಿಗೆ ತಿಳಿಸಿಬಿಡಿ. ಇನ್‌ಸ್ಟಾಗ್ರಾಂಗೆ ಇದೇ ಕೆಲಸ ಬೇರೆಯಾಗಿ ಮಾಡಬೇಕು, ಒಂದೊಂದು ಖಾತೆಗೆ ಒಂದೊಂದು ಕೀ.

ಒಂದು ಮಾತು ಮಾತ್ರ ಖಡಕ್ಕಾಗಿ ಹೇಳುತ್ತೇನೆ: ಆ ಚೌಕದ ಫೋಟೋ ತೆಗೆದು ವಾಟ್ಸ್ಯಾಪಿನಲ್ಲಿ ಕಳಿಸಬೇಡಿ, ಮಗನಿಗೂ ಬೇಡ. ಆರಂಕಿ ಯಾರಿಗಾದರೂ ಸಿಕ್ಕರೆ ಅರ್ಧ ನಿಮಿಷದಲ್ಲಿ ಹಳತಾಗುತ್ತದೆ. ಚೌಕ ಸಿಕ್ಕವರಿಗೆ ನೀವು ಅದನ್ನು ಬದಲಿಸುವವರೆಗೂ ಸಂಖ್ಯೆ ಸಿಗುತ್ತಲೇ ಇರುತ್ತದೆ.

ಫೋನ್ ಹಳ್ಳಕ್ಕೆ ಬಿದ್ದರೆ? ಮಳೆಗಾಲದಲ್ಲಿ ನಮ್ಮ ಅಂಗಡಿಗೆ ಬರುವ ಫೋನುಗಳಲ್ಲಿ ನೀರು ಕುಡಿದವೇ ಹೆಚ್ಚು, ತದಡಿಯ ದೋಣಿಯವರದ್ದು, ಸಂಕ ದಾಟುವಾಗ ಜಾರಿದವರದ್ದು. ಅಂಥವರಲ್ಲಿ ಕಾಗದ ಇಟ್ಟುಕೊಂಡವರು ಅದೇ ದಿನ ಹೊಸ ಫೋನಿನಲ್ಲಿ ಆ ಕೀ ಹಾಕಿ ಹೋಗುತ್ತಾರೆ. ಕೀಯ ಜೊತೆಗೆ ಗೂಗಲ್ಲಿನ ಬ್ಯಾಕಪ್ ಕೋಡುಗಳನ್ನೂ ತೆಗೆದುಕೊಳ್ಳಿ. ಎಂಟೆಂಟು ಅಂಕಿಯ 10 ಕೋಡು ಕೊಡುತ್ತಾರೆ, ಒಂದನ್ನು ಒಮ್ಮೆ ಮಾತ್ರ ಬಳಸಬಹುದು. ಹೊಸ ಪಟ್ಟಿ ತೆಗೆದರೆ ಹಳೆಯದು ರದ್ದು. ದಯವಿಟ್ಟು ಇದನ್ನು ಬಾಲ್‌ಪೆನ್ನಿನಲ್ಲಿ ಬರೆಯಿರಿ. ಸಿದ್ದಾಪುರ ಕಡೆಯವರೊಬ್ಬರು ತಂದಿದ್ದ ಇಂಕ್‌ಜೆಟ್ ಪ್ರಿಂಟಿನ ಹಾಳೆ ಆಷಾಢದ ಥಂಡಿಗೆ ಹೇಗೆ ಹರಡಿತ್ತೆಂದರೆ 3 ಯಾವುದು 8 ಯಾವುದು ಎಂದು ಬಿಸಿಲಿಗೆ ಹಿಡಿದರೂ ತಿಳಿಯಲಿಲ್ಲ. ಬರೆದ ಕಾಗದವನ್ನು ಪ್ಲಾಸ್ಟಿಕ್ ಕವರಿಗೆ ಹಾಕಿ, ಪಹಣಿ, ಮನೆ ತೆರಿಗೆ ರಸೀದಿ ಇಡುವ ಜಾಗದಲ್ಲೇ ಇಡಿ.

ಗೂಗಲ್ ಅಥೆಂಟಿಕೇಟರ್ 2023ರ ಏಪ್ರಿಲ್‌ನಿಂದ ಕೀಗಳ ನಕಲನ್ನು ಗೂಗಲ್ ಖಾತೆಯಲ್ಲೇ ಇಡುವ ಸೌಲಭ್ಯ ಕೊಟ್ಟಿದೆ. ಇನ್‌ಸ್ಟಾಗ್ರಾಂಗೆ ಅದು ಅನುಕೂಲವೇ. ಆದರೆ ಗೂಗಲ್ ಖಾತೆ ತೆರೆಯುವುದಕ್ಕೇ ಸಂಖ್ಯೆ ಬೇಕಿರುವಾಗ ಅದರೊಳಗಿನ ನಕಲು ನಿಮ್ಮ ಕೈಗೆ ಎಟುಕುವುದಿಲ್ಲ. ಅದಕ್ಕೇ ಕಾಗದ ಎಂದು ಇಷ್ಟು ಹಟ ಹಿಡಿಯುತ್ತಿದ್ದೇನೆ. ಹಳೆಯ ಫೋನನ್ನು ಎಕ್ಸ್‌ಚೇಂಜಿಗೆ ಕೊಡುವವರೂ ಕೊಡುವ ಮೊದಲೇ ಕೀಗಳನ್ನು ಹೊಸ ಫೋನಿಗೆ ವರ್ಗಾಯಿಸಿಕೊಳ್ಳಿ. ಆ್ಯಪ್ ಅಳಿಸಿದರೆ ಖಾತೆ ಸಂಖ್ಯೆ ಕೇಳುವುದನ್ನು ನಿಲ್ಲಿಸುವುದಿಲ್ಲ.

ಬ್ಯಾಂಕಿನ ವಿಷಯ ನೀವು ಕೇಳಿಲ್ಲ, ಆದರೂ ಹೇಳಬೇಕು. ಹಣ ಕಳಿಸುವಾಗ ನಮ್ಮ ಬ್ಯಾಂಕುಗಳು ಕೇಳುವ ಒಟಿಪಿ ಬಹುಪಾಲು ಎಸ್ಸೆಮ್ಮೆಸ್ಸಿನಲ್ಲೇ ಬರುತ್ತದೆ, ಅದಕ್ಕೆ ಈ ಆ್ಯಪ್ ಆಗಿಬರುವುದಿಲ್ಲ. ನಿಮ್ಮ ಸಿಮ್ ಕಂಪನಿ ವೈಫೈ ಕಾಲಿಂಗ್ ಕೊಡುತ್ತದೆಯೇ ವಿಚಾರಿಸಿ. ಅದಿದ್ದರೆ ಮನೆಯೊಳಗೇ ಕರೆ ಸಿಗುತ್ತದೆ, ಹಲವರಿಗೆ ಎಸ್ಸೆಮ್ಮೆಸ್ಸೂ ಬರುತ್ತದೆ.

ಪ್ರಶ್ನೆ: ಆ್ಯಪ್‌ನಲ್ಲಿ ತೋರಿಸಿದ ಸಂಖ್ಯೆಯನ್ನೇ ಸರಿಯಾಗಿ ಹಾಕುತ್ತೇನೆ, ಆದರೂ ಪ್ರತಿ ಸಲ ‘ತಪ್ಪು ಕೋಡ್’ ಎನ್ನುತ್ತದೆ. ಬೆಳಗಿನ ಅಂಕೋಲಾ ಬಸ್ಸು ತಪ್ಪಬಾರದೆಂದು ಫೋನಿನ ಗಡಿಯಾರ ಐದು ನಿಮಿಷ ಮುಂದಿಟ್ಟಿದ್ದೇನೆ, ಅದಕ್ಕೂ ಇದಕ್ಕೂ ಸಂಬಂಧ ಇದೆಯೇ?
(ಓದುಗರೊಬ್ಬರು, ಕಾರವಾರ)

ಉತ್ತರ: ಸಂಬಂಧ ಅದೊಂದೇ. ಐದು ನಿಮಿಷ ಎಂದರೆ ನಿಮ್ಮ ಫೋನ್ ಹತ್ತು ಸಂಖ್ಯೆ ಮುಂದೆ ಓಡುತ್ತಿದೆ. ಹಿಂದಿನದೋ ಮುಂದಿನದೋ ಒಂದು ಸಂಖ್ಯೆಯನ್ನು ಸಾಮಾನ್ಯವಾಗಿ ಒಪ್ಪುತ್ತಾರೆ, ಹತ್ತನ್ನಲ್ಲ. ಸೆಟ್ಟಿಂಗ್ಸ್‌ನಲ್ಲಿ ಸಮಯವನ್ನು ‘ಸ್ವಯಂಚಾಲಿತ’ಕ್ಕೆ ಬಿಡಿ, ಬಸ್ಸಿಗೆ ಅಲಾರಂ ಬೇಗ ಇಡಿ.

ಇದೇ ಥರದ್ದು ಭಟ್ಕಳದವರೊಬ್ಬರ ಫೋನಿನಲ್ಲಿ ನೋಡಿದೆ. ದುಬೈಯಿಂದ ಬಂದವರು ಟೈಮ್ ಝೋನ್ ದುಬೈಯದ್ದೇ ಬಿಟ್ಟು, ಕೈಯಲ್ಲಿ ಗಡಿಯಾರವನ್ನು ಒಂದೂವರೆ ಗಂಟೆ ಮುಂದೆ ತಿರುಗಿಸಿದ್ದರು. ಆ್ಯಪ್ ಎಣಿಸುವುದು 1970ರ ಜನವರಿ 1ರಿಂದ ಕಳೆದ ಸೆಕೆಂಡುಗಳನ್ನು, ಅದು ಜಗತ್ತಿಗೆಲ್ಲ ಒಂದೇ. ಝೋನ್ ಬದಲಿಸಿದರೆ ಆ ಎಣಿಕೆ ಕೆಡುವುದಿಲ್ಲ, ಮುಳ್ಳು ತಿರುಗಿಸಿದರೆ ಕೆಡುತ್ತದೆ.

ಪ್ರಶ್ನೆ: ಗೋಕರ್ಣದಲ್ಲಿ ಹೋಮ್‌ಸ್ಟೇ ನಡೆಸುತ್ತೇನೆ. ‘ನಿಮ್ಮ ಪೇಜಿನ ಮೇಲೆ ಕಾಪಿರೈಟ್ ದೂರು ಬಂದಿದೆ, 24 ಗಂಟೆಯಲ್ಲಿ ತೆಗೆಯುತ್ತೇವೆ, ಇಲ್ಲಿ ಲಾಗಿನ್ ಆಗಿ’ ಎಂಬ ಮೆಸೇಜ್ ಬಂತು. ಗಾಬರಿಯಲ್ಲಿ ಕೆಲಸದ ಹುಡುಗ ಪಾಸ್‌ವರ್ಡ್ ಹಾಕಿದ. ಆರಂಕಿ ಕೇಳಿದಾಗ ನನ್ನನ್ನು ಕರೆದ, ನಾನು ಕೊಡಲಿಲ್ಲ. ಸರಿ ಮಾಡಿದೆನೇ?
(ಓದುಗರೊಬ್ಬರು)

ಉತ್ತರ: ಸರಿಯಾಗಿಯೇ ಮಾಡಿದಿರಿ, ಪೇಜು ಉಳಿದದ್ದು ಅದರಿಂದ. ಹುಡುಗನನ್ನು ಬೈಯಬೇಡಿ, ನಿಮ್ಮನ್ನು ಕರೆದನಲ್ಲ. ನಕಲಿ ಪುಟದಲ್ಲಿ ಹಾಕಿದ ಆರಂಕಿಯನ್ನು ಅತ್ತ ಕುಳಿತವರು ಆ ಕ್ಷಣವೇ ಅಸಲಿ ಪುಟಕ್ಕೆ ಹಾಕಿ ಒಳಗೆ ನುಗ್ಗುತ್ತಾರೆ. ಪುಟ ನಕಲಿ ಎಂದು ಅಥೆಂಟಿಕೇಟರ್‌ಗೆ ತಿಳಿಯುವುದಿಲ್ಲ. ಪಾಸ್‌ವರ್ಡಿನ ಬದಲು ಫೋನಿನ ಬೆರಳಚ್ಚು ಅಥವಾ ಲಾಕ್‌ನಿಂದಲೇ ಲಾಗಿನ್ ಆಗುವ ‘ಪಾಸ್‌ಕೀ’ ಎಂಬ ಹೊಸ ವಿಧಾನ ವೆಬ್‌ಸೈಟಿನ ವಿಳಾಸವನ್ನೂ ತಾಳೆ ನೋಡುತ್ತದೆ, ನಕಲಿ ಪುಟದಲ್ಲಿ ಕೆಲಸ ಮಾಡುವುದೇ ಇಲ್ಲ. ನಿಮ್ಮ ಖಾತೆಯಲ್ಲಿ ಆ ಆಯ್ಕೆ ಕಂಡರೆ ಹಾಕಿಕೊಳ್ಳಿ.

ಪಾಸ್‌ವರ್ಡನ್ನು ಇವತ್ತೇ ಬದಲಿಸಿ, ಅದೇ ಪಾಸ್‌ವರ್ಡ್ ಬೇರೆ ಕಡೆ ಇದ್ದರೆ ಅಲ್ಲಿಯೂ. ಲಾಗಿನ್ ಆಗಿರುವ ಸಾಧನಗಳ ಪಟ್ಟಿ ತೆರೆದು ಗುರುತಿಲ್ಲದವನ್ನು ಹೊರಹಾಕಿ. ಖಾತೆಗೆ ಕೊಟ್ಟಿರುವ ಮೊಬೈಲ್ ನಂಬರ್, ಇಮೇಲ್ ನಿಮ್ಮವೇ ಎಂದು ನೋಡಿಕೊಳ್ಳಿ. ಹಣವೇನಾದರೂ ಹೋಗಿದ್ದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ.