ಹಳೆಯ ಎಂಜಿಬಿ (ಬ್ರಿಟಿಷ್ ಸ್ಪೋರ್ಟ್ಸ್) ಕಾರಿನ ಐಡ್ಲಿಂಗ್, ಅಂದರೆ ಆಕ್ಸಿಲರೇಟರ್ ಒತ್ತದಿರುವಾಗಿನ ಎಂಜಿನ್ ವೇಗ, 1,800 ಆರ್‌ಪಿಎಂನಿಂದ (ನಿಮಿಷಕ್ಕೆ ಸುತ್ತು) ಕೆಳಗಿಳಿಯುತ್ತಿಲ್ಲ, ಏನು ಮಾಡಲಿ?

ಚಿಕ್ಕಬಳ್ಳಾಪುರದಿಂದ ನಂದಿಬೆಟ್ಟ ಹತ್ತಿ ಇಳಿದಾಗಿನಿಂದ ಹೀಗಾಗಿದೆ ಎಂದಿದ್ದೀರಿ. ಪಾಪ, ಬೆಟ್ಟವನ್ನು ದೂರಬೇಡಿ. 1,478 ಮೀಟರ್ ಎತ್ತರದ ತೆಳುಗಾಳಿಯಲ್ಲಿ ಮಿಶ್ರಣದಲ್ಲಿ ಪೆಟ್ರೋಲಿನ ಪಾಲು ಹೆಚ್ಚಬಹುದು, ಅಷ್ಟೇ. ಕೆಳಗೆ ಬಂದ ಮೇಲೂ ಎಂಜಿನ್ ಅರಚುತ್ತಿದ್ದರೆ ಕಾರಣ ಬೇರೆ.

ಸ್ಕ್ರೂಡ್ರೈವರ್ ಎತ್ತಿಕೊಳ್ಳುವ ಮೊದಲು, ಎಂಜಿನ್ ಬಿಸಿಯಾದಾಗ ಚೋಕ್ (ತಣ್ಣಗಿನ ಎಂಜಿನ್ ಚಾಲೂ ಮಾಡಲು ಎಳೆಯುವ ಗುಬುಟು) ಪೂರ್ತಿ ಒಳಗೆ ಹೋಗುತ್ತಿದೆಯೇ, ಆಕ್ಸಿಲರೇಟರ್ ಕೇಬಲ್ ಬಿಗಿದುಕೊಂಡಿದೆಯೇ ನೋಡಿ. ಅವು ಸರಿಯಿದ್ದರೆ ನನ್ನ ಅನುಮಾನ ಗಾಳಿ ಸೋರಿಕೆಯ ಮೇಲೆ, ಅಂದರೆ ಬೇಡದ ಸಂದಿಯಿಂದ ಎಂಜಿನ್ ಒಳಗೆ ನುಗ್ಗುವ ಗಾಳಿ. ಎಂಜಿನ್ ಓಡುತ್ತಿರುವಾಗ ಮ್ಯಾನಿಫೋಲ್ಡ್ (ಎಂಜಿನ್‌ಗೆ ಗಾಳಿ-ಪೆಟ್ರೋಲ್ ಮಿಶ್ರಣ ಒಯ್ಯುವ ಕೊಳವೆ) ಗ್ಯಾಸ್ಕೆಟ್, ರಬ್ಬರ್ ಕೊಳವೆಗಳು, ಥ್ರಾಟಲ್ (ಆಕ್ಸಿಲರೇಟರ್ ಒತ್ತಿದಾಗ ತೆರೆಯುವ ತಟ್ಟೆ) ಶಾಫ್ಟಿನ ಎರಡೂ ತುದಿಗಳ ಬಳಿ ಕಾರ್ಬ್ ಕ್ಲೀನರನ್ನು ಚೂರೇ ಚಿಮುಕಿಸಿ. ಸದ್ದು ಬದಲಾದ ಜಾಗವೇ ಕಳ್ಳದಾರಿ. ಸೈಲೆನ್ಸರ್ ಪೈಪು ಪಕ್ಕದಲ್ಲೇ ಕಾದಿರುತ್ತದೆ, ಬೆಂಕಿಯ ಎಚ್ಚರವಿರಲಿ. ಶಾಫ್ಟ್ ಸವೆದಿದ್ದರೆ ಲೇತ್ ಕೆಲಸದವರಿಂದ ಹೊಸ ಬುಷ್ ಹಾಕಿಸಬೇಕು.

ನಂತರದ ಮಾದರಿಗಳಲ್ಲಿ ಥ್ರಾಟಲ್ ತಟ್ಟೆಯಲ್ಲೇ ಸ್ಪ್ರಿಂಗ್ ಇರುವ ಪುಟ್ಟ ವಾಲ್ವ್ ಇರುತ್ತದೆ. ಸ್ಪ್ರಿಂಗ್ ಸೋತರೆ ಅದು ಮುಚ್ಚುವುದೇ ಇಲ್ಲ. ಹೊರಗಿನಿಂದ ಎಷ್ಟು ಹುಡುಕಿದರೂ ಸಿಗದ ದೋಷವಿದು. ಡಿಸ್ಟ್ರಿಬ್ಯೂಟರ್ (ಸ್ಪಾರ್ಕ್ ಪ್ಲಗ್‌ಗಳಿಗೆ ಕರೆಂಟು ಹಂಚುವ ಭಾಗ) ಒಳಗಿನ ತೂಕಗಳ ಸ್ಪ್ರಿಂಗ್ ಸಡಿಲವಾದರೂ ಟೈಮಿಂಗ್ ಮುಂದಕ್ಕೆ ಹೋಗಿ, ಅಂದರೆ ಕಿಡಿ ಬೇಗ ಹಾರಿ, ಇದೇ ಗೋಳು.

ಇವೆಲ್ಲ ಮುಗಿದ ಮೇಲಷ್ಟೇ ಎರಡು ಎಸ್‌ಯು ಕಂಪನಿಯ ಕಾರ್ಬುರೇಟರುಗಳ (ಗಾಳಿಗೆ ಪೆಟ್ರೋಲ್ ಬೆರೆಸುವ ಭಾಗಗಳು) ನಡುವಿನ ಕ್ಲಾಂಪ್ ಸಡಿಲಿಸಿ. ರಬ್ಬರ್ ಕೊಳವೆಯ ಒಂದು ತುದಿಯನ್ನು ಕಿವಿಗೆ, ಇನ್ನೊಂದನ್ನು ಸರದಿಯಂತೆ ಎರಡರ ಬಾಯಿಗೂ ಹಿಡಿಯಿರಿ. ಎರಡರ ಬುಸುಗುಟ್ಟುವಿಕೆ ಒಂದೇ ಸಮನಾಗುವಂತೆ ಐಡಲ್ ಸ್ಕ್ರೂ ತಿರುಗಿಸಿ, 800–900 ಆರ್‌ಪಿಎಂಗೆ ನಿಲ್ಲಿಸಿ ಕ್ಲಾಂಪ್ ಬಿಗಿ ಮಾಡಿ.