ಬೈಪಾಸ್ ಆಗಿ ಐದು ವಾರ, ಅಪ್ಪ ಹಿತ್ತಿಲ ಕೆಲಸಕ್ಕೆ ಇಳಿಯಬಹುದೇ?

ನಿಮ್ಮ ತಂದೆಗೆ ಬೈಪಾಸ್ ಆಗಿ ಐದು ವಾರ, ನೋವಿಲ್ಲ, ಅಂಗಳ ಗುಡಿಸ್ತೇನೆ, ಗಿಡಕ್ಕೆ ನೀರು ಹಾಕ್ತೇನೆ ಅಂತ ಹಠ ಮಾಡ್ತಾರೆ, ಬಿಡಬಹುದಾ ಅಂತ ಕೇಳಿದ್ದೀರಿ. ನನಗೆ 61 ವರ್ಷ. ಎರಡು ವರ್ಷದ ಹಿಂದೆ ಫೆಬ್ರವರಿಯಲ್ಲಿ ನನಗೂ ಅದೇ ಆಪರೇಷನ್ ಆಯ್ತು. ಮನೆ ಉಡುಪಿ ಕಡೆಯ ಶಂಕರಪುರದ ಹತ್ತಿರ. ಹಿತ್ತಿಲಲ್ಲಿ ಮಲ್ಲಿಗೆ, ಬಸಳೆ ಚಪ್ಪರ, ಏಳೆಂಟು ತೆಂಗು. ನಾನು ಡಾಕ್ಟರಲ್ಲ, ಆದರೆ ಆ ಐದನೇ ವಾರದ ಚಡಪಡಿಕೆ ನನಗೆ ಚೆನ್ನಾಗಿ ಗೊತ್ತು.

ಮೊದಲು ಹೋಗುವುದು ನೋವು. ಎದೆಯ ಎಲುಬು ಕೂಡುವುದು ಎಷ್ಟೋ ದಿನ ಆದ ಮೇಲೆ. ಅದನ್ನು ಉದ್ದಕ್ಕೆ ಸೀಳಿ, ಸ್ಟೀಲ್ ತಂತಿಯಿಂದ ಬಿಗಿದಿರುತ್ತಾರೆ. ಒಂದು ಮಟ್ಟಿಗೆ ಕೂಡಲು ಆರೆಂಟು ವಾರ, ಗಟ್ಟಿಯಾಗಲು ಮೂರು ತಿಂಗಳು ಬೇಕು. ಅಲ್ಲಿಯವರೆಗೆ ನಾಲ್ಕೈದು ಕಿಲೋಗಿಂತ ಹೆಚ್ಚು ಎತ್ತಬೇಡಿ ಅಂತ ನನಗೆ ಹೇಳಿ ಕಳಿಸಿದ್ದರು. ಹದಿನೈದು ಲೀಟರಿನ ಕೊಡಪಾನ ತುಂಬಿದರೆ ನೀರೇ ಹದಿನೈದು ಕಿಲೋ.

ಅದನ್ನು ಮರೆತದ್ದು ಆರನೇ ವಾರ. ಬೇಸಿಗೆ, ಬಾವಿ ನೀರು ಕೆಳಗೆ ಹೋಗಿತ್ತು. ಕರೆಂಟಿಲ್ಲದೆ ಪಂಪು ನಿಂತು ಬಸಳೆ ಬಾಡಿತ್ತು, ಮನೆಯಲ್ಲಿ ಯಾರೂ ಇರಲಿಲ್ಲ. ಅರ್ಧ ಕೊಡಪಾನ ತಾನೇ ಅಂತ ರಾಟೆಯ ಹಗ್ಗ ಹಿಡಿದೆ. ನಾಲ್ಕನೇ ಸಲ ಎಳೆದಾಗ ಎದೆಯ ನಡುವೆ ಟಕ್ ಅಂತು. ನೋವೇನೂ ಇಲ್ಲ. ಬೆರಳಿಟ್ಟು ಕೆಮ್ಮಿದರೆ ಒಳಗೆ ಎರಡು ಹಲಗೆ ತುಸು ಜಾರಿದ ಹಾಗೆ. ಹಗ್ಗ ಬಿಟ್ಟು ಬಾವಿಕಟ್ಟೆಯ ಮೇಲೆ ಕೂತವನಿಗೆ ಕೈ ನಡುಗುತ್ತಿತ್ತು. ಎಕ್ಸ್‌ರೇ ತೆಗೆದರು, ತಂತಿ ಜಾಗದಲ್ಲೇ ಇತ್ತು, ಪುಣ್ಯ. ಇನ್ನೊಂದು ತಿಂಗಳು ಏನನ್ನೂ ಎಳೆಯಬಾರದು ಅಂದರು.

ಹಾಗಾಗಿ ಬಾವಿ, ತೆಂಗಿನ ಮಡಲು ಎಳೆಯುವುದು, ದೋಟಿ ಹಿಡಿದು ಕಾಯಿ ಕೊಯ್ಯುವುದು, ಹಾರೆ, ಇವು ಮೂರು ತಿಂಗಳು ಬೇಡವೇ ಬೇಡ. ಹಿಡಿಸೂಡಿ ಹಿಡಿದು ಗುಡಿಸುವುದೂ ಈಗ ಬೇಡ, ಬಗ್ಗಿ ಒಂದೇ ಕೈ ಬೀಸಬೇಕು. ಬೇರು ಬಿಟ್ಟ ಕಳೆ ಕಿತ್ತರೆ ನಮಗೆ ಗೊತ್ತಿಲ್ಲದೆ ಉಸಿರು ಬಿಗಿಹಿಡಿಯುತ್ತೇವೆ, ಬಿಪಿ ಏರುತ್ತದೆ. ಬಗ್ಗಿದವರು ಥಟ್ಟನೆ ಎದ್ದರೆ ಬಿಪಿ, ಹೃದಯದ ಮಾತ್ರೆಗಳಿಗೆ ತಲೆ ತಿರುಗುತ್ತದೆ. ರಕ್ತ ತೆಳುವಾಗುವ ಮಾತ್ರೆ ಇದ್ದರೆ ಕತ್ತಿ ತಾಗಿದಾಗ ರಕ್ತ ಬೇಗ ನಿಲ್ಲುವುದಿಲ್ಲ. ಬಟ್ಟೆ ಒತ್ತಿ ಹತ್ತು ನಿಮಿಷ ಬಿಡದೆ ಹಿಡಿಯಬೇಕು.

ಆದರೆ ಅವರನ್ನು ಚಾವಡಿಯಲ್ಲಿ ಕೂರಿಸಿ ಬಾಗಿಲು ಹಾಕಬೇಡಿ. ಹಿತ್ತಿಲಲ್ಲಿ ಬದುಕಿದವರು ಕೂತಲ್ಲೇ ಕುಗ್ಗಿಬಿಡುತ್ತಾರೆ. ನನ್ನನ್ನು ಎಬ್ಬಿಸಿದ್ದು ಮಲ್ಲಿಗೆ. ಮೊಗ್ಗು ಎದೆಯ ಮಟ್ಟದಲ್ಲೇ ಸಿಗುತ್ತದೆ, ತೂಕವಿಲ್ಲ. ಡಾಕ್ಟರನ್ನು ಕೇಳಿ ಏಳನೇ ವಾರ ಶುರು ಮಾಡಿದೆ. ನಮ್ಮಲ್ಲಿ 800 ಮೊಗ್ಗು ಕಟ್ಟಿದರೆ ಒಂದು ಚೆಂಡು. ಮೊದಲ ದಿನ 200 ಮೊಗ್ಗಿಗೆ ನಿಲ್ಲಿಸಿದೆ, ಮರುದಿನ ಸುಸ್ತಿಲ್ಲ ಅಂದರೆ ಮಾತ್ರ 50 ಹೆಚ್ಚು. ಬಿಸಿಲು ಏರುವ ಮೊದಲು ಮುಗಿಸುತ್ತಿದ್ದೆ. ಹೆಂಡತಿ ಪಕ್ಕದಲ್ಲಿ ಬಾಳೆನಾರು ಸೀಳುತ್ತಾ ಏನಾದರೂ ಕೇಳುತ್ತಿದ್ದಳು. ಉತ್ತರ ಒಂದೇ ಉಸಿರಲ್ಲಿ ಬರಲಿಲ್ಲ ಅಂದರೆ ಬುಟ್ಟಿ ಕೆಳಗೆ. ನಾಡಿ ಎಣಿಸಿ ನಂಬಬೇಡಿ, ಕೆಲವು ಮಾತ್ರೆ ಅದನ್ನು ಏರಲು ಬಿಡುವುದಿಲ್ಲ. ಈ ಮಾತಿನ ಪರೀಕ್ಷೆಯೇ ಒಳ್ಳೆಯದು.

ಮಳೆ ಹಿಡಿದ ಮೇಲೆ ಇನ್ನೂ ಜಾಗ್ರತೆ. ಅಂಗಳದ ಪಾಚಿಯಲ್ಲಿ ಜಾರಿದರೆ ಕೈಯೂರಿ ಬೀಳುತ್ತೇವೆ, ಆ ಪೆಟ್ಟು ನೇರ ಎದೆಗೆ. ಕಾಲಿನಿಂದ ರಕ್ತನಾಳ ತೆಗೆದಿದ್ದರೆ ಆ ಗಾಯ ಪೂರ್ತಿ ಒಣಗುವ ತನಕ ನಿಂತ ನೀರಿಗೆ ಇಳಿಸಬೇಡಿ, ಇಲಿಜ್ವರ ಗಾಯದ ಮೂಲಕ ಒಳಗೆ ಬರಬಹುದು.

ಎದೆ ಟಕ್ ಅಂದರೆ, ಗಾಯ ಕೆಂಪಾದರೆ, ನೀರು ಒಸರಿದರೆ ಅವತ್ತೇ ತೋರಿಸಿ. ಎದೆನೋವು, ಉಬ್ಬಸ ಬಂದರೆ ಒಂದು ನಿಮಿಷವೂ ಕಾಯಬೇಡಿ ಮಾರಾಯ್ರೆ, ಸೀದಾ ಆಸ್ಪತ್ರೆಗೆ. ಮುಂದಿನ ಸಲ ತೋರಿಸಲು ಹೋದಾಗ “ಕೆಲಸ ಮಾಡಬಹುದಾ” ಅಂತ ಮಾತ್ರ ಕೇಳಬೇಡಿ. ಗುಡಿಸುವುದು, ನೀರು ಸೇದುವುದು, ಹೂ ಕೊಯ್ಯುವುದು ಅಂತ ಒಂದೊಂದನ್ನೇ ಹೆಸರು ಹಿಡಿದು ಕೇಳಿ. ತಂದೆಯವರನ್ನೂ ಎದುರಿಗೇ ಕೂರಿಸಿ. ನಮ್ಮಂಥವರು ಮಗನ ಮಾತಿಗಿಂತ ಡಾಕ್ಟರ ಮಾತಿಗೆ ಬೇಗ ಬಗ್ಗುತ್ತೇವೆ.